ನಿದ್ದೆಯಲ್ಲಿ ಬರುವ ಫಿಟ್ಸ್: ಗುರುತಿಸುವುದು ಹೇಗೆ, ಮುಂದೇನು?

ನಿದ್ದೆಯಲ್ಲಿ ಫಿಟ್ಸ್ ಬಂದವರಿಗೆ ಅದರ ನೆನಪು ಬಹುತೇಕ ಉಳಿಯುವುದಿಲ್ಲವಾದ್ದರಿಂದ, ಮೊದಲ ಸುಳಿವು ಸಿಗುವುದು ಬೆಳಿಗ್ಗೆಯೇ. ನಾಲಿಗೆಯ ಅಂಚಿನಲ್ಲಿ ಕಚ್ಚಿದ ಗಾಯ, ಒದ್ದೆಯಾದ ಹಾಸಿಗೆ, ಕಾರಣ ತಿಳಿಯದ ಮೈಕೈ ನೋವು, ಮಂಕು ಕವಿದ ತಲೆ ಇವು ಒಟ್ಟಿಗೆ ಕಂಡರೆ ದಿನಾಂಕ ಸಹಿತ ಬರೆದಿಡಿ.

ಅನಂತರ, ಜೊತೆಗೆ ಮಲಗುವವರು ಸಾಧ್ಯವಾದರೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಲಿ. ಫಿಟ್ಸ್ ಅಲ್ಲದಿದ್ದರೂ ಹಾಗೆ ತೋರಬಹುದಾದ, ನಿದ್ದೆಯಲ್ಲಿ ನಡೆಯುವುದು, ಕಿರುಚಿ ಏಳುವುದು ಸಾಮಾನ್ಯವಾಗಿ ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲಿ ಕಾಣಿಸುತ್ತವೆ. ಮೆದುಳಿನ ಮುಂಭಾಗದಿಂದ ಹೊರಡುವ ಫಿಟ್ಸ್ ಹೆಚ್ಚಾಗಿ 2 ನಿಮಿಷದೊಳಗೆ ಮುಗಿದು, ಒಂದೇ ರಾತ್ರಿ ಹಲವು ಸಲ, ಪ್ರತಿ ಸಲವೂ ಅದೇ ಚಲನೆಯೊಂದಿಗೆ ಮರುಕಳಿಸಬಹುದು. ಈ ವ್ಯತ್ಯಾಸವನ್ನು ಬಾಯಿಮಾತಿನಲ್ಲಿ ವಿವರಿಸುವುದು ಕಷ್ಟ.

ಸೆಳೆತ ನಡೆಯುತ್ತಿರುವಾಗ ರೋಗಿಯನ್ನು ಮಗ್ಗುಲಿಗೆ ಹೊರಳಿಸಿ, ಸಮಯ ನೋಡಿಕೊಳ್ಳಿ. ಬಾಯಿಗೆ ಏನನ್ನೂ ತುರುಕಬಾರದು, ಕೈಕಾಲು ಅದುಮಿ ಹಿಡಿಯಬಾರದು. 5 ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ.

ಎಚ್ಚರದಲ್ಲಿ ತೆಗೆದ ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಪರೀಕ್ಷೆ) ಸರಿಯಾಗಿದೆಯೆಂದು ಸುಮ್ಮನಾಗುವಂತಿಲ್ಲ. ನಿದ್ದೆಯಲ್ಲಿಯೂ ಇಇಜಿ ತೆಗೆಯಬೇಕಾಗಬಹುದು.

ಮುಂದೇನಾದೀತು ಎಂಬುದು ಕಾರಣವನ್ನು ಅವಲಂಬಿಸಿದೆ. ಮುಖದ ಒಂದು ಬದಿ ಸೆಳೆದು ಜೊಲ್ಲು ಸುರಿಯುವ, ರೋಲ್ಯಾಂಡಿಕ್ ಎಂಬ ಬಾಲ್ಯದ ಅಪಸ್ಮಾರ (ಪದೇ ಪದೇ ಫಿಟ್ಸ್ ಬರುವ ಕಾಯಿಲೆ) ಸುಮಾರು 16ನೇ ವಯಸ್ಸಿನೊಳಗೆ ತಾನಾಗಿಯೇ ನಿಲ್ಲುತ್ತದೆ. ವಯಸ್ಕರಲ್ಲಿ ಹಲವು ವರ್ಷ ನಿದ್ದೆಯಲ್ಲಷ್ಟೇ ಫಿಟ್ಸ್ ಬಂದಿದ್ದರೆ ಹೆಚ್ಚಿನವರಲ್ಲಿ ಅದು ಹಾಗೆಯೇ ಮುಂದುವರಿಯುತ್ತದೆಯಾದರೂ, ಕೆಲವರಿಗೆ ಎಚ್ಚರದಲ್ಲಿಯೂ ಬರುವುದುಂಟು. ಅಪಸ್ಮಾರವಿರುವವರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನರಿಗೆ ಔಷಧದಿಂದ ಫಿಟ್ಸ್ ಹತೋಟಿಗೆ ಬರುತ್ತದೆ. ಸರಿಯಾಗಿ ಆಯ್ದ ಎರಡು ಔಷಧಗಳೂ ಫಲ ನೀಡದಿದ್ದರೆ, ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ವಿಶೇಷ ಅಪಸ್ಮಾರ ಕೇಂದ್ರದಲ್ಲಿ ಪರೀಕ್ಷಿಸಬೇಕು.

'ರಾತ್ರಿ ಮಾತ್ರ ತಾನೇ' ಎಂಬ ಸಮಾಧಾನವನ್ನು ನಾನು ಒಪ್ಪಲಾರೆ. ಅಪಸ್ಮಾರವಿರುವ ವಯಸ್ಕರಲ್ಲಿ ವರ್ಷಕ್ಕೆ ಸುಮಾರು 1,000ಕ್ಕೆ ಒಬ್ಬರಿಗೆ ಹಠಾತ್ ಸಾವು ಸಂಭವಿಸುತ್ತದೆ. ಮೈಯೆಲ್ಲ ಸೆಳೆಯುವ ಫಿಟ್ಸ್ ಹತೋಟಿಗೆ ಬಾರದವರಿಗೆ, ಅದರಲ್ಲೂ ರಾತ್ರಿ ಒಂಟಿಯಾಗಿ ಮಲಗುವವರಿಗೆ, ಅಪಾಯ ಹೆಚ್ಚು. ಆದ್ದರಿಂದ ಅದೇ ಕೋಣೆಯಲ್ಲಿ ಇನ್ನೊಬ್ಬರು ಮಲಗುವುದು ಒಳ್ಳೆಯದು, ಮಾತ್ರೆಯನ್ನಂತೂ ತಪ್ಪಿಸಲೇಬಾರದು.

ಔಷಧ ನಿಲ್ಲಿಸುವ ಮಾತು ಸಾಮಾನ್ಯವಾಗಿ ಬರುವುದು ಕನಿಷ್ಠ 2 ವರ್ಷ ಫಿಟ್ಸ್ ಇಲ್ಲದೆ ಕಳೆದ ಮೇಲೆಯೇ. ಆಗಲೂ ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಹಿಂದೆ ನಿದ್ದೆಯಲ್ಲಷ್ಟೇ ಬರುತ್ತಿದ್ದ ಫಿಟ್ಸ್ ಆ ಅವಧಿಯಲ್ಲಿ ಹಗಲಲ್ಲೂ ಕಾಣಿಸಿಕೊಳ್ಳಬಹುದಾದ್ದರಿಂದ, ವಾಹನ ಚಾಲನೆಯ ಬಗ್ಗೆ ಅವರನ್ನು ಮೊದಲೇ ಕೇಳಿಕೊಳ್ಳಿ.