ಕಂಡದ್ದೆಷ್ಟು, ಊಹಿಸಿದ್ದೆಷ್ಟು? ಬೇರ್ಪಡಿಸುವ ಬಗೆ

ಕಾಫಿ ಕೊಯ್ಲಿನ ಕಾಲ. ಕೊಡಗಿನ ಸಿದ್ದಾಪುರದ ಕಡೆಯ ತೋಟಕ್ಕೆ ಒಬ್ಬ ಕಾರ್ಮಿಕ ಮೂರು ದಿನದಿಂದ ತಡವಾಗಿ ಬರುತ್ತಿದ್ದಾನೆ. ಸಂಜೆಯ ತೂಕದಲ್ಲೂ ಅವನ ಹಣ್ಣು ಕಡಿಮೆ. ‘ಸೋಮಾರಿ’ ಎಂದು ತೀರ್ಮಾನಿಸುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ.

ನಡುವೆ ಗೆರೆ ಎಳೆದು ಎಡಕ್ಕೆ ಕಂಡದ್ದು, ಬಲಕ್ಕೆ ಊಹಿಸಿದ್ದು ಬರೆಯಿರಿ. ‘8.40ಕ್ಕೆ ಬಂದ’, ‘62 ಕೆಜಿ’ ಎಡಕ್ಕೆ. ‘ಬೇಕೆಂದೇ’, ‘ಯಾವಾಗಲೂ’, ‘ಲೈನ್‌ಮನೆಯವರೆಲ್ಲ (ತೋಟದ ಕಾರ್ಮಿಕರ ಸಾಲುಮನೆಯವರು) ಹೀಗೇ’ ಬಲಕ್ಕೆ. ಹೆಚ್ಚಿನವರು ಎಡವುವುದು ‘ಯಾವಾಗಲೂ’ ಎಂಬಲ್ಲಿ: ಹಾಜರಿ ಪುಸ್ತಕ ತೆರೆದರೆ ಅದು ಮೂರೇ ದಿನ.

ಈಗ ಅವನ ಗುಣಕ್ಕೆ ಸಂಬಂಧಿಸದ ಮೂರು ಕಾರಣ ಹುಡುಕಿ. ದಾರಿಯಲ್ಲಿ ಆನೆ ನಿಂತಿತ್ತೇ? ಅವನ ಸಾಲಿನಲ್ಲಿ ಫಸಲೇ ಕಡಿಮೆಯೇ? ಹಣ್ಣಾದದ್ದನ್ನಷ್ಟೇ ಆಯ್ದು ಅರೇಬಿಕಾ ಕೊಯ್ದವನ ತೂಕವನ್ನು, ಗೊಂಚಲನ್ನೇ ಸವರಿ ರೊಬಸ್ಟಾ ಕೊಯ್ದವರ ತೂಕಕ್ಕೆ ಹೋಲಿಸಿದಿರೇ? ಈ ಕೊನೆಯ ತಪ್ಪು ದೊಡ್ಡ ಅನ್ಯಾಯ.

ಆಮೇಲಿನದು ಕಷ್ಟದ ಹೆಜ್ಜೆ: ನಿಮ್ಮ ಊಹೆಯನ್ನು ಸುಳ್ಳಾಗಿಸುವ ಪುರಾವೆ ಹುಡುಕುವುದು. 1960ರಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 2, 4, 6 ಎಂಬ ಸಂಖ್ಯೆಗಳ ಹಿಂದಿನ ನಿಯಮ ಕಂಡುಹಿಡಿಯಲು ಜನರಿಗೆ ಹೇಳಿದರು. ಅವರು ತಮ್ಮದೇ ಮೂರು ಸಂಖ್ಯೆ ಮುಂದಿಟ್ಟರೆ, ನಿಯಮಕ್ಕೆ ಹೊಂದುತ್ತದೋ ಇಲ್ಲವೋ ಎಂದು ತಿಳಿಸುತ್ತಿದ್ದರು. ‘ಎರಡೆರಡು ಹೆಚ್ಚುತ್ತದೆ’ ಎಂದುಕೊಂಡವರು 8, 10, 12ರಂಥವನ್ನೇ ಮುಂದಿಟ್ಟರು. ನಿಯಮ ಬರೀ ಏರುವ ಸಂಖ್ಯೆ. 1, 2, 3 ಹೊಂದುತ್ತದೆಯೇ ಎಂದು ಕೇಳಿದ್ದರೂ ತಮ್ಮ ಊಹೆ ತಪ್ಪೆಂದು ತಿಳಿಯುತ್ತಿತ್ತು.

ತೋಟದಲ್ಲಿ ಆ 1, 2, 3 ಎಂದರೆ ಸಾಲು ಬದಲಿಸಿ ಕೊಡುವುದು. ‘ಯಾಕೆ ತಡ?’ ಎಂದು ಗದರಿದರೆ ನೆಪ ಮಾತ್ರ ಸಿಗುತ್ತದೆ. ‘ಬೆಳಿಗ್ಗೆ ದಾರಿ ಹೇಗಿತ್ತಪ್ಪ?’ ಎಂದು ಕೇಳಿ. ಒಂದು ವಾರ ಒಳ್ಳೆಯ ಸಾಲಿನಲ್ಲೂ ತೂಕ ಏರದಿದ್ದರೆ, ಮೊದಲು ಆರೋಗ್ಯ ವಿಚಾರಿಸಿ.