ಕರೆಂಟು ಹೋಗುವುದರೊಳಗೆ ಮಾರಿಯೋದ ಮೈನಸ್ ಒಂದಕ್ಕೆ

ಶಿರಸಿಯಲ್ಲಿ ಮಳೆ ಹಿಡಿದರೆ ಕರೆಂಟಿನ ಭರವಸೆಯಿಲ್ಲ. 1985ರ ವಿಡಿಯೋ ಗೇಮ್ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಆಟ ಸೇವ್ ಆಗುವುದೂ ಇಲ್ಲ. ಕರೆಂಟು ಹೋಯಿತೆಂದರೆ ಮತ್ತೆ 1-1ರಿಂದಲೇ, ಅಂದರೆ ಮೊದಲ ಲೋಕದ ಮೊದಲ ಹಂತದಿಂದಲೇ ಶುರು. ಹಾಗಾಗಿ ಮಳೆ ರಜೆಗೆ ಬರುವ ಅಕ್ಕನ ಮಕ್ಕಳಿಗೆ ನಾನು ಕೊನೆಯ ಕೋಟೆಯ ಆಸೆ ಹಚ್ಚುವುದಿಲ್ಲ. ಎರಡನೇ ಹಂತದಲ್ಲೇ ಅಡಗಿರುವ ಲೋಕವನ್ನು ತೋರಿಸುತ್ತೇನೆ.

1-1ರಲ್ಲಿ ಅಣಬೆ ತಿಂದು ದೊಡ್ಡವನಾಗಿ. ಸಣ್ಣ ಮಾರಿಯೋ ಇಟ್ಟಿಗೆ ಒಡೆಯಲಾರ. ಅದೇ ಮೈಯಲ್ಲಿ 1-2ರ ಕೊನೆಯವರೆಗೆ ಬನ್ನಿ. ಹೊರಹೋಗುವ ಪೈಪಿನ ಮೇಲೆ ನಿಂತು ತಲೆಯ ಮೇಲಿನ ಸಾಲು ನೋಡಿ: ಗೋಡೆಗೆ ತಾಗಿರುವ ಇಟ್ಟಿಗೆ ಹಾಗೇ ಇರಲಿ, ಅದರ ಎಡಗಡೆಯ ಎರಡನ್ನು ಒಡೆಯಿರಿ.

ಈಗ ಪೈಪಿನ ಎಡ ತುದಿಗೆ ಸರಿದು, ಮುಖ ಎಡಕ್ಕೆ ಮಾಡಿ, ಕೆಳಗಿನ ಬಟನ್ ಒತ್ತಿ ಕುಳಿತುಕೊಳ್ಳಿ. ಕುಳಿತಲ್ಲಿಂದಲೇ ಜಿಗಿದು, ಗಾಳಿಯಲ್ಲಿರುವಾಗ ಬಲಕ್ಕೆ ಒತ್ತಿ. ಮಕ್ಕಳು ಎಡವುವುದು ಇಲ್ಲೇ: ಅವಸರದಲ್ಲಿ ನೆಲದ ಮೇಲೇ ಬಲಕ್ಕೆ ಒತ್ತಿಬಿಡುತ್ತಾರೆ, ಮುಖ ತಿರುಗಿಬಿಡುತ್ತದೆ. ‘ತಮಾ, ಗಡಿಬಿಡಿ ಮಾಡಡ’ ಎನ್ನುತ್ತ ಪಕ್ಕದಲ್ಲಿ ಕೂರುತ್ತೇನೆ. ಜಾಗ ಸರಿಯಾಗಿ ಸಿಕ್ಕಿದರೆ ಮಾರಿಯೋ ಹಿಮ್ಮುಖವಾಗಿಯೇ ಗೋಡೆಯೊಳಗೆ ಜಾರಿ, ಬೇರೆ ಲೋಕಗಳಿಗೆ ನೇರ ಕಳಿಸುವ ಮೂರು ಪೈಪುಗಳ ಕೋಣೆಗೆ ಬಂದು ನಿಲ್ಲುತ್ತಾನೆ.

ಅಲ್ಲಿ ಮುಂದೆ ನಡೆಯಬೇಡಿ. ಸ್ವಾಗತದ ಬರಹ ಮೂಡುವ ಮೊದಲೇ ಮೊದಲ ಪೈಪಿಗೆ ಇಳಿಯಿರಿ. ಪರದೆಯ ಮೇಲೆ -1 ಎಂದು ಬರುತ್ತದೆ!

ನಿಜಕ್ಕೂ ಅದು 36-1. ಯಾವ ಪೈಪು ಯಾವ ಲೋಕಕ್ಕೆ ಎಂಬ ಪಟ್ಟಿಯೊಂದು ಆಟದ ಬಳಿ ಇರುತ್ತದೆ; ಬರಹ ಮೂಡುವ ತನಕ ಅದರ ಕೈಲಿರುವುದು 4-2ರಲ್ಲಿರುವ ಇಂಥದ್ದೇ ಒಂದು ಕೋಣೆಯ ಪಟ್ಟಿ. ಆ ಕೋಣೆಯಲ್ಲಿ ಐದನೇ ಲೋಕಕ್ಕೆ ಹೋಗುವ ಪೈಪು ಒಂದೇ, ನಡುವಿನದು. ಎರಡೂ ಬದಿ ಖಾಲಿ. ಖಾಲಿ ಜಾಗದ ಚಿತ್ರದ ನಂಬರು 36. ಪೈಪು ಆ ನಂಬರನ್ನೇ ಲೋಕವೆಂದುಕೊಂಡು ನಿಮ್ಮನ್ನು ಕಳಿಸುತ್ತದೆ, ಪರದೆ ಮಾತ್ರ ಅದನ್ನು ಖಾಲಿಯಾಗಿಯೇ ತೋರಿಸುತ್ತದೆ. ಈ ಆಟದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಇದಕ್ಕಿಂತ ಚೆಂದದ್ದು ಬೇರೆ ಇಲ್ಲ.

ಒಳಗೆ 7-2ರದೇ ನೀರು, ಅದೇ ಮೀನು. ಕೊನೆಯ ಪೈಪು ಮತ್ತೆ ಮೊದಲಿಗೇ ತಂದು ಬಿಡುತ್ತದೆ, ಲೈಫ್ ಮುಗಿಯುವವರೆಗೂ ಅದೇ ಸುತ್ತು. ಜಪಾನಿನ ಡಿಸ್ಕ್ ಆವೃತ್ತಿಯಲ್ಲಿ ಮಾತ್ರ ಮೂರು ಹಂತ ದಾಟಿದರೆ ಈ ಲೋಕ ಮುಗಿಯುತ್ತದೆ.

ಕರೆಂಟು ಇನ್ನೂ ಇದ್ದರೆ ಹಂತದ ಕೊನೆಗೆ ಬರುವ ಬಾವುಟದ ಕಂಬ ಪ್ರಯತ್ನಿಸಿ: ಕಂಬ ಹಿಡಿಯುವಾಗ ಸಮಯದ ಕೊನೆಯ ಅಂಕಿ 1, 3 ಅಥವಾ 6 ಇದ್ದರೆ ಅಷ್ಟೇ ಪಟಾಕಿ ಹಾರುತ್ತವೆ. ಅಕ್ಕನ ಮಗಳಿಗೆ ಆರೇ ಬೇಕು.