ದುಡ್ಡು ಮುಟ್ಟದೆ ದುಡ್ಡು ಸೇರಿಸಿದ ಬಗೆ: ನಮ್ಮ ಫೋಟೊ ಬಳಗದ ಪರಿಹಾರ ಕೆಲಸ

ಫೋಟೊ ಹಂಚಿಕೊಳ್ಳುವ ಬಳಗಕ್ಕೂ ನೆರೆ, ಭೂಕಂಪದ ಪರಿಹಾರಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಕೊಡಲು ಈಗ ನನ್ನ ಹತ್ತಿರ ಲೆಕ್ಕವಿದೆ. ಕಳೆದ ಸಲ ನಮ್ಮ ಬಳಗದ ಮೂಲಕ ಪರಿಹಾರ ಸಂಸ್ಥೆಗೆ ಹೋದ ಮೊತ್ತ, ಅದಕ್ಕೆ ಮುಂಚಿನ ನಮ್ಮ ಪ್ರಯತ್ನಗಳನ್ನೆಲ್ಲ ಕೂಡಿಸಿದರೂ ಅದರ ಆರೇಳು ಪಟ್ಟು. ಅದರಲ್ಲಿ ಬಿಡಿಗಾಸನ್ನೂ ನಾವು ಕೈಯಲ್ಲಿ ಹಿಡಿಯಲಿಲ್ಲ.

ವಿರೋಧ ಕಡಿಮೆ ಏನಿರಲಿಲ್ಲ. ಇದು ಬೆಳಕು, ಫ್ರೇಮು, ಲೆನ್ಸಿನ ಮಾತಾಡುವ ಜಾಗ, ಚಂದಾ ಎತ್ತುವ ಜಾಗ ಅಲ್ಲ ಅಂದರು. ಒಂದು ದುರಂತಕ್ಕೆ ಮಾಡಿದರೆ ಇನ್ನೊಂದಕ್ಕೆ ಯಾಕೆ ಮಾಡಲಿಲ್ಲ ಎಂಬ ಜಗಳ ಬರುತ್ತೆ ಅಂದರು. ಇವೆರಡೂ ನನ್ನನ್ನು ಅಷ್ಟು ಕಾಡಲಿಲ್ಲ. ಕಾಡಿದ್ದು ಮೂರನೆಯದು: ದುಡ್ಡಿನ ಲೆಕ್ಕ ಯಾರು ಕೊಡುತ್ತಾರೆ? ಮುಖ ನೋಡದ ಸಾವಿರಾರು ಜನ ಇರುವ ಬಳಗದಲ್ಲಿ ಒಬ್ಬ ಅಡ್ಮಿನ್ ಖಾತೆಗೆ ಹಣ ಹಾಕಿ ಎಂದರೆ ಯಾರಾದರೂ ಯಾಕೆ ಹಾಕಬೇಕು? ಸಂಶಯ ಪಟ್ಟವರ ಪರವಾಗಿಯೇ ನಾನಿದ್ದೆ.

ಎಲ್ಲರೂ ಮಾಡುವುದನ್ನೇ ಮೊದಲು ಮಾಡಿದೆವು. ಮನವಿ ಬರೆದು, ಸಂಸ್ಥೆಯ ಕೊಂಡಿ ಸೇರಿಸಿ, ಮೇಲ್ಗಡೆ ಪಿನ್ ಮಾಡಿದೆವು. ಲೈಕು ನಾನೂರು ದಾಟಿತು, ದಾನ ಮಾಡಿದವರು ಹತ್ತು ಹನ್ನೆರಡು ಮಂದಿ. ಆಮೇಲೆ ಫೋಟೊಗಳ ಹರಾಜು. ದೊಡ್ಡ ಮೊತ್ತ ಕೂಗಿದ ಇಬ್ಬರು ಕೊನೆಗೆ ಉತ್ತರವನ್ನೇ ಕೊಡಲಿಲ್ಲ, ಎರಡನೇ ಸ್ಥಾನದಲ್ಲಿದ್ದವರಿಗೆ ಆಗಲೇ ಆಸಕ್ತಿ ಹೋಗಿತ್ತು. ಕ್ಯಾಲೆಂಡರ್ ಮಾಡಿದೆವು, ಕನಿಷ್ಠ ಇಷ್ಟು ಪ್ರತಿ ಎಂದು ಮುದ್ರಕರು ಹಠ ಹಿಡಿದರು, ಅರ್ಧಕ್ಕರ್ಧ ಉಳಿಯಿತು, ಜನವರಿ ಕಳೆದ ಮೇಲೆ ಕ್ಯಾಲೆಂಡರ್ ಯಾರಿಗೆ ಬೇಕು? ಪ್ರದರ್ಶನ ಎಲ್ಲಕ್ಕಿಂತ ದುಬಾರಿ. ಹಾಲ್ ಬಾಡಿಗೆ, ಫ್ರೇಮು, ಸಾಗಾಟ ಎಂದು ಬಂದದ್ದರಲ್ಲಿ ಮುಕ್ಕಾಲು ಪಾಲು ಅಲ್ಲೇ ಕರಗಿತು. ಸಂತ್ರಸ್ತರಿಗೆ ಎಂದು ಜನ ಕೊಟ್ಟ ಹಣ ಫ್ರೇಮಿನ ಗಾಜಿಗೆ ಹೋಗುವುದನ್ನು ನೋಡುತ್ತಾ ನನಗೆ ನಿದ್ದೆ ಬರುತ್ತಿರಲಿಲ್ಲ.

ಇಷ್ಟಾದ ಮೇಲೆ ಹೊಳೆದದ್ದು ಸರಳ ಉಪಾಯ. ಫೋಟೊ ಕೊಳ್ಳುವವರು ಹಣವನ್ನು ನೇರವಾಗಿ ಪರಿಹಾರ ಸಂಸ್ಥೆಗೇ ಕಟ್ಟಬೇಕು. ಸಂಸ್ಥೆ ಕೊಟ್ಟ ರಸೀದಿಯನ್ನು ನಮಗೆ ಕಳಿಸಬೇಕು. ರಸೀದಿ ಬಂದ ಕೂಡಲೇ, ಅವರು ಆರಿಸಿದ ಫೋಟೊದ ಪ್ರಿಂಟನ್ನು ಅದನ್ನು ತೆಗೆದವರೇ ಸ್ವಂತ ಖರ್ಚಿನಲ್ಲಿ ಮಾಡಿಸಿ, ಸಹಿ ಹಾಕಿ ಕಳಿಸುತ್ತಾರೆ. ಹಣ ನಮ್ಮ ಕೈಗೆ ಬರದ ಮೇಲೆ ಲೆಕ್ಕ ಕೇಳುವ ಪ್ರಶ್ನೆಯೇ ಇಲ್ಲ. ಸದಸ್ಯರು ಪ್ರಿಂಟಿನ ಖರ್ಚು ಹೊರುವುದಿಲ್ಲ ಎಂದು ಹಳಬರು ಹೇಳಿದ್ದರು. ಕೇಳಿದವರಲ್ಲಿ ಹತ್ತಕ್ಕೆ ಎಂಟು ಜನ ಒಪ್ಪಿದರು. ಕನಿಷ್ಠ ದಾನವನ್ನು ಪ್ರಿಂಟು, ಅಂಚೆ ಎರಡೂ ಸೇರಿದ ಖರ್ಚಿನ ನಾಲ್ಕು ಪಟ್ಟಿಗೆ ನಿಗದಿ ಮಾಡಿದ್ದೆವು. ತಾನು ಒಂದು ಪಾಲು ಹಾಕಿದರೆ ಅಲ್ಲಿಗೆ ನಾಲ್ಕು ಪಾಲು ತಲುಪುತ್ತದೆ ಎಂದು ಕಂಡಾಗ ಫೋಟೊಗ್ರಾಫರ್ ಹಿಂಜರಿಯುವುದಿಲ್ಲ.

ಸುಳ್ಳು ರಸೀದಿ ಬರುವುದಿಲ್ಲವೇ? ಬಂದವು, ಬೆರಳೆಣಿಕೆಯಷ್ಟು. ಹಿಡಿಯಲು ನಾನು ಒಂದು ದಾರಿ ಮಾಡಿಕೊಂಡಿದ್ದೇನೆ. ಬರೆದರೆ ಅದು ಕೆಲಸಕ್ಕೆ ಬಾರದಾಗುತ್ತದೆ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಪ್ರಿಂಟಿಗೆ ಅಳತೆ ಒಂದೇ, 8×10 ಇಂಚು. 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕೆಗೆ, 2400×3000 ಪಿಕ್ಸೆಲ್ ಸಾಕು, ಮೊಬೈಲ್ ಫೋಟೊ ಕೂಡ ನಡೆಯುತ್ತದೆ. ಉದ್ದ ಅಗಲ 3:2 ಅನುಪಾತದಲ್ಲಿರುವ ಚಿತ್ರದ ಅಂಚು ಇದರಲ್ಲಿ ಹೋಗುತ್ತದೆ. ಕ್ರಾಪ್ ಎಲ್ಲಿ ಎಂಬುದನ್ನು ತೆಗೆದವರೇ ನಿರ್ಧರಿಸಲಿ, ಲ್ಯಾಬಿಗೆ ಬಿಟ್ಟರೆ ಹಕ್ಕಿಯ ಬಾಲ ಹೋಗಿರುತ್ತದೆ. ಪರದೆಯ ಹೊಳಪನ್ನು ನಂಬಿದರೆ ಕಾಗದದ ಮೇಲೆ ಚಿತ್ರ ಮಂಕಾಗುತ್ತದೆ, ನಾವು ಬೆಳಕನ್ನು ಹೆಚ್ಚುಕಡಿಮೆ ಅರ್ಧ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಏರಿಸಿಯೇ ಕಳಿಸುತ್ತೇವೆ. ಇಂಕ್‌ಜೆಟ್ ಆದರೆ ಒಂದು ದಿನ ಒಣಗಿಸಿಯೇ ಕವರಿಗೆ ಹಾಕಬೇಕು. ಕೊಳವೆಯಲ್ಲಿ ಸುತ್ತಿ ಕಳಿಸಬೇಡಿ, ಬಿಚ್ಚಿದ ಮೇಲೂ ಸುರುಳಿ ಬಿಡುವುದಿಲ್ಲ. ಎರಡು ರಟ್ಟಿನ ನಡುವೆ ಇಡಿ, ಒಂದರ ಒಳಗಿನ ಅಲೆಯಂಥ ಗೀರು ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ ಬರಲಿ. ಹಾಗಿಟ್ಟರೆ ಅಂಚೆಚೀಲದಲ್ಲಿ ಯಾರು ಮಡಚಲು ನೋಡಿದರೂ ಮಡಚದು. ಈ ಉಪಾಯ ಕಂಡ ಮೇಲೆ ಹಾಳಾದ ಪ್ರಿಂಟು ಒಂದೋ ಎರಡೋ.

ಕೊಳ್ಳುವವರು ಆರಿಸುವ ಫೋಟೊಗಳ ಪಟ್ಟಿಯಲ್ಲಿ ದುರಂತದ ಚಿತ್ರ ಒಂದೂ ಇರಕೂಡದು ಎಂಬುದು ನನ್ನ ಹಠ. ಈ ವಿಷಯಕ್ಕೇ ಇಬ್ಬರು ಒಳ್ಳೆಯ ಫೋಟೊಗ್ರಾಫರುಗಳು ಬಳಗ ಬಿಟ್ಟರು, ನಾನು ಬದಲಾಗಲಿಲ್ಲ. 2015ರ ಏಪ್ರಿಲ್ 25ರ ನೇಪಾಳ ಭೂಕಂಪದ ನಂತರ, ತಂಗಿಯನ್ನು ಅಪ್ಪಿಕೊಂಡು ಕೂತ ಪುಟ್ಟ ಹುಡುಗನ ಚಿತ್ರ ಎಲ್ಲೆಡೆ ಹರಿದಾಡಿತು. ಅದು 2007ರಲ್ಲಿ ವಿಯೆಟ್ನಾಂನ ಹಾ ಜಿಯಾಂಗ್‌ನಲ್ಲಿ ತೆಗೆದದ್ದು, ಭೂಕಂಪಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆ ಚಿತ್ರ ಹಿಡಿದು ದಾನ ಕೇಳಿದವರೂ ಇದ್ದರು. ಚಿತ್ರ ಅಸಲಿಯೇ ಆದರೂ, ಮನೆ ಕಳೆದುಕೊಂಡ ಹೆಂಗಸು ಅಳುತ್ತಿರುವುದನ್ನು ಯಾರದೋ ಗೋಡೆಗೆ ಮಾರಲು ನಮಗೆ ಯಾವ ಹಕ್ಕಿದೆ? ನಮ್ಮಲ್ಲಿ ಹೆಚ್ಚು ಹೋದದ್ದು ಮಂಜು ಕವಿದ ಬೆಟ್ಟ, ಬೆಕ್ಕು, ಹಳೆಯ ಕಿಟಕಿ. ಜನ ನಾಲ್ಕು ವರ್ಷ ನೋಡಿದರೂ ಬೇಸರವಾಗದ್ದನ್ನು ಕೊಳ್ಳುತ್ತಾರೆ.

ಕಾಲವೂ ಮುಖ್ಯ. 2010ರ ಜನವರಿಯ ಹೈಟಿ ಭೂಕಂಪಕ್ಕೆ ಅಮೆರಿಕನ್ ರೆಡ್ ಕ್ರಾಸ್ ತಲಾ 10 ಡಾಲರಿನ ಎಸ್ಸೆಮ್ಮೆಸ್ ದಾನದಿಂದಲೇ 3 ಕೋಟಿ ಡಾಲರಿಗೂ ಮೀರಿ ಸಂಗ್ರಹಿಸಿತು. ಮನಸ್ಸು ಕರಗಿದ ಗಳಿಗೆಯಲ್ಲೇ ದಾರಿ ಕೈಯಲ್ಲಿತ್ತು ಎಂಬುದೇ ಅದರ ಗುಟ್ಟು. ನಮ್ಮಲ್ಲೂ ಮೊದಲ ವಾರದಲ್ಲೇ ಮೂರರಲ್ಲಿ ಎರಡು ಪಾಲು ರಸೀದಿ ಬಂದವು, ಮೂರನೇ ವಾರ ಹೆಚ್ಚುಕಡಿಮೆ ಮೌನ. ದುರಂತವಾದ ಮೇಲೆ ಸಭೆ ಸೇರಿ ಚರ್ಚಿಸುವ ಬಳಗ ರೈಲು ತಪ್ಪಿಸಿಕೊಂಡ ಹಾಗೆಯೇ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆವು, ಅದರ ಬಗ್ಗೆ ನನಗೆ ವಿಶೇಷ ಪ್ರೀತಿ. 2011ರ ಮಾರ್ಚ್ 11ರ ಸುನಾಮಿಯ ಬಳಿಕ ಜಪಾನಿನ ಯಮಮೊಟೊದಲ್ಲಿ ಸ್ವಯಂಸೇವಕರು ಕೆಸರಲ್ಲಿ ಸಿಕ್ಕ ಲಕ್ಷಾಂತರ ಕುಟುಂಬ ಚಿತ್ರಗಳನ್ನು ತೊಳೆದು, ಡಿಜಿಟಲ್ ಪ್ರತಿ ಮಾಡಿ, ಮನೆಯವರಿಗೆ ಮರಳಿಸಲು ಹೊರಟಿದ್ದರು. ನಾವೂ ನೆರೆಯಲ್ಲಿ ನೆನೆದ ಆಲ್ಬಂಗಳನ್ನು ರಿಪೇರಿ ಮಾಡಿಕೊಡುತ್ತೇವೆ ಎಂದೆವು. ಒಂದು ಮದುವೆ ಆಲ್ಬಂನಲ್ಲಿ ಎಂಟು ಹತ್ತು ಚಿತ್ರ ಒಂದೇ ಇಟ್ಟಿಗೆಯಾಗಿತ್ತು. ತಣ್ಣನೆಯ ಶುದ್ಧ ನೀರಿನಲ್ಲಿ ಮುಳುಗಿಸಿಟ್ಟು, ಎಳೆಯದೆ, ತಾವಾಗಿ ಬಿಡುವ ತನಕ ಕಾದೆವು. ಮದುವೆ ಹುಡುಗಿಯ ಅಜ್ಜಿಯ ಮುಖ ಪೂರ್ತಿ ಉಳಿಯಿತು, ಪಕ್ಕದಲ್ಲಿದ್ದವರು ನೀಲಿ ಕಲೆಯಾಗಿದ್ದರು. ಆಮೇಲೆ ಚಿತ್ರವಿರುವ ಬದಿ ಮೇಲಾಗಿಸಿ ನೆರಳಲ್ಲಿ ಒಣಗಿಸುವುದು. ಎರಡು ದಿನದೊಳಗೆ ಕೈ ಹಾಕಲಾಗದಿದ್ದರೆ ಫ್ರೀಜರ್‌ನಲ್ಲಿಡಿ. ಇಂಕ್‌ಜೆಟ್ ಪ್ರಿಂಟನ್ನು ಮಾತ್ರ ತೊಳೆಯಲು ಹೋಗಬೇಡಿ. ಇದರಿಂದ ಹಣ ಬರುವುದಿಲ್ಲ, ಸಮಯ ವಿಪರೀತ ತಿನ್ನುತ್ತದೆ. ಆದರೂ ಫೋಟೊ ಬಲ್ಲವರು ಮಾತ್ರ ಕೊಡಬಹುದಾದ ಪರಿಹಾರ ಇದೊಂದೇ, ಹಾಗಾಗಿ ಮುಂದುವರಿಸುತ್ತೇನೆ.

ಯಾವ ದುರಂತಕ್ಕೆ ಎಂಬ ಜಗಳವೂ ತೀರಿದೆ. ನಮ್ಮ ಸದಸ್ಯರೊಬ್ಬರು ಆ ಪ್ರದೇಶದಿಂದ ಕೇಳಿದರೆ ಶುರು, ಇಲ್ಲದಿದ್ದರೆ ಇಲ್ಲ. ಲೆಕ್ಕಪತ್ರ ಬಹಿರಂಗಪಡಿಸುವ, ಕೂಡಲೇ ರಸೀದಿ ಕೊಡುವ ಮೂರು ಸಂಸ್ಥೆಗಳನ್ನು ಶಾಂತವಾಗಿರುವಾಗಲೇ ಆರಿಸಿಟ್ಟಿದ್ದೇವೆ. ಮುಂದಿನ ಸಲಕ್ಕೆ ಅರವತ್ತರ ಹತ್ತಿರ ಸದಸ್ಯರು ಆಗಲೇ ಫೈಲು ಕಳಿಸಿದ್ದಾರೆ, ಎಲ್ಲವೂ 8×10ಕ್ಕೆ ಕ್ರಾಪ್ ಆಗಿವೆ.